ಗೋಸುಂಬೆಯ ಮರಿಗಳ ಪಾಲನೆ

ಮಳೆಗಾಲ ಬಂತೆಂದರೆ ನಮ್ಮ ಬೊರಿವಲಿಯ ಬಾಲಕರಿಗೆ ಹೊಸದೊಂದು ಆಟದ ಸಾಮಾನು ದೊರೆಯುತ್ತದೆ. ಬೇಲಿಯ ಗಿಡಗಳಲ್ಲಿ ಓಡಾಡುವ ಬೆರಳುದ್ದದ ಮರಿಯೊಂದನ್ನು ಹಿಡಿದು ಗಾಜಿನ ಬರಣಿಯಲ್ಲಿಟ್ಟು, ಒಂದು ಹಿಡಿ ಹುಲ್ಲನ್ನೂ ಮುಚ್ಚಳದಲ್ಲಿ ತುಸು ನೀರನ್ನೂ ಇರಿಸಿ, 'ನಾವು ಗೋಸುಂಬೆ ಸಾಕಿದ್ದೇವೆ' ಎಂದು ಹೇಳಿಕೊಳ್ಳುತ್ತಾರೆ. ಕೆಲವೇ ದಿನಗಳಲ್ಲಿ ಮರಿಯು ಸಾಯುತ್ತದೆ. ಪ್ರೀತಿಯಿಂದ ಇಟ್ಟುಕೊಂಡ ಪ್ರಾಣಿ ಸಾಯುವುದೇಕೆ? ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ಅದು ಗೋಸುಂಬೆಯೇ ಹೌದೇ ಎಂಬುದು.

ಬಹುಮಟ್ಟಿಗೆ ಅಲ್ಲ. ಅದು ಓತಿಕ್ಯಾತದ ಮರಿ; ನಮ್ಮ ಮರಾಠಿ ಗೆಳೆಯರು 'ಸರಡಾ' ಎನ್ನುವ ಪ್ರಾಣಿ. ಓತಿಕ್ಯಾತವೂ ಬಣ್ಣ ಬದಲಿಸುವುದರಿಂದ ಈ ಗೊಂದಲವುಂಟಾಗಿದೆ. ಸಂತಾನಕಾಲದಲ್ಲಿ ಗಂಡಿನ ತಲೆ ಕುತ್ತಿಗೆಗಳು ಕೆಂಪಾಗುವುದನ್ನು ಕಂಡು, ಅದು ದೂರದಿಂದಲೇ ರಕ್ತ ಹೀರುತ್ತದೆಂದು ಹೆದರಿ ಕಲ್ಲೆಸೆಯುವವರೂ ಉಂಟು. ಅದು ರಕ್ತ ಹೀರುವುದಿಲ್ಲ. ಅದರಲ್ಲಿ ವಿಷವೂ ಇಲ್ಲ. ನಿಜವಾದ ಗೋಸುಂಬೆಯನ್ನು ಒಮ್ಮೆ ಕಂಡವರು ಮತ್ತೆ ತಪ್ಪಲಾರರು. ಅದರ ಎರಡು ಕಣ್ಣುಗಳೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಪಾದದ ಐದು ಬೆರಳುಗಳು ಎರಡು ಒಂದು ಕಡೆ, ಮೂರು ಇನ್ನೊಂದು ಕಡೆ ಕೂಡಿಕೊಂಡು ಇಕ್ಕಳದಂತೆ ಕೊಂಬೆಯನ್ನು ಹಿಡಿಯುತ್ತವೆ. ಬಾಲವು ಸುರುಳಿಯಾಗಿ ಕೊಂಬೆಗೆ ಸುತ್ತಿಕೊಳ್ಳುತ್ತದೆ. ನಾಲಗೆಯನ್ನು ಚಾಚಿದಾಗ ಅದು ದೇಹಕ್ಕಿಂತಲೂ ಉದ್ದ! ಓತಿಕ್ಯಾತ ಓಡುತ್ತದೆ, ಗೋಸುಂಬೆ ಗಾಳಿಗೆ ತೂಗುವ ಎಲೆಯಂತೆ ಹಿಂದೆ ಮುಂದೆ ಓಲಾಡುತ್ತ ನಡೆಯುತ್ತದೆ. ಪ್ರಪಂಚದಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಯ ಗೋಸುಂಬೆಗಳಿದ್ದು, ಸುಮಾರು ಅರ್ಧದಷ್ಟು ಮಡಗಾಸ್ಕರ್ ದ್ವೀಪದಲ್ಲಿವೆ. ಭಾರತದಲ್ಲಿರುವುದು ಒಂದೇ ಜಾತಿ.

ಈ ಎರಡು ಪ್ರಾಣಿಗಳ ಬಾಲ್ಯವೂ ಒಂದೇ ರೀತಿಯಾಗಿ ಆರಂಭವಾಗುತ್ತದೆ. ಮರವಾಸಿಯಾದ ತಾಯಿಯು ಮೊಟ್ಟೆಯಿಡಲು ನೆಲಕ್ಕಿಳಿಯುತ್ತಾಳೆ. ಮಣ್ಣನ್ನು ತೋಡಿ ಮೊಟ್ಟೆಗಳನ್ನಿಟ್ಟು, ಮುಚ್ಚಿ, ಹೊರಟುಹೋಗುತ್ತಾಳೆ. ಕಾವು ಕೊಡುವುದು ಭೂಮಿಯ ಬಿಸಿಯೇ. ಓತಿಕ್ಯಾತದ ಮೊಟ್ಟೆ ಸುಮಾರು ಆರೇಳು ವಾರಗಳಲ್ಲಿ ಒಡೆಯುತ್ತದೆ. ಗೋಸುಂಬೆಯದು ಅದಕ್ಕಿಂತ ಬಹಳ ದೀರ್ಘಕಾಲ ನೆಲದಲ್ಲಿರುತ್ತದೆ. ಮಡಗಾಸ್ಕರಿನ ಒಂದು ಜಾತಿಯ ಗೋಸುಂಬೆ ಎಂಟೊಂಬತ್ತು ತಿಂಗಳು ಮೊಟ್ಟೆಯೊಳಗಿದ್ದು, ಹೊರಬಂದ ಮೇಲೆ ನಾಲ್ಕೈದು ತಿಂಗಳು ಮಾತ್ರ ಬದುಕುವುದೆಂದು 2008ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆಯುಸ್ಸಿನ ಹೆಚ್ಚಿನ ಪಾಲು ಮಣ್ಣಿನೊಳಗೇ ಕಳೆಯುವ ಜೀವವೆಂದರೆ ಎಂಥ ವಿಚಿತ್ರ! ಹೊರಬಂದ ಮರಿಗೆ ತಾಯಿಯ ಪರಿಚಯವಿಲ್ಲ, ಹಾಲಿಲ್ಲ, ಗುಟುಕಿಲ್ಲ. ಹೊಟ್ಟೆಯಲ್ಲಿ ಉಳಿದಿರುವ ಹಳದಿ ಲೋಳೆಯ ಬಲದಿಂದ ಮೊದಲ ಒಂದೆರಡು ದಿನ ಕಳೆದು, ಅನಂತರ ತಾನಾಗಿಯೇ ಬೇಟೆಗೆ ತೊಡಗುತ್ತದೆ. ಆದುದರಿಂದ ಒಂಟಿಯಾಗಿ ಕಂಡ ಮರಿಯನ್ನು ತಬ್ಬಲಿಯೆಂದು ಮನೆಗೊಯ್ಯುವುದು ಕರುಣೆಯಂತೆ ತೋರಿದರೂ ಅಜ್ಞಾನವೇ ಸರಿ.

ಇನ್ನು ಬರಣಿಯ ವಿಷಯ. ಪರದೇಶಗಳಲ್ಲಿ ಗೋಸುಂಬೆಗಳನ್ನು ಸಾಕಿ ಮರಿ ಮಾಡಿಸುವ ಅನುಭವಿಗಳು ಗಾಜಿನ ಪಾತ್ರೆಯನ್ನಲ್ಲ, ಗಾಳಿಯಾಡುವ ಬಲೆಯ ಗೂಡನ್ನೇ ಹೆಚ್ಚಾಗಿ ಬಳಸುತ್ತಾರೆ. ಬರಣಿಯನ್ನು ಬಿಸಿಲಿಗಿಟ್ಟರೆ ಗಳಿಗೆಯೊಳಗೆ ಅದು ಒಲೆಯಾಗುತ್ತದೆ. ಮುಚ್ಚಳದ ನೀರು ಗೋಸುಂಬೆಗೆ ನೀರೇ ಅಲ್ಲ. ಎಲೆಯ ಮೇಲೆ ಹೊಳೆಯುವ ಹನಿಯನ್ನು ಮಾತ್ರ ಅದು ನೆಕ್ಕಿ ಕುಡಿಯುತ್ತದೆ. ಅದಕ್ಕಾಗಿ ದಿನಕ್ಕೆ ಹಲವು ಸಲ ಎಲೆಗಳಿಗೆ ತುಂತುರು ಸಿಂಪಡಿಸಬೇಕಾಗುತ್ತದೆ. ಅನ್ನದ ಅಗುಳನ್ನಾಗಲಿ ಸತ್ತ ನೊಣವನ್ನಾಗಲಿ ಮರಿ ಮುಟ್ಟದು. ಚಲಿಸುವ ಜೀವಂತ ಹುಳವೇ ಬೇಕು. ಅದೂ ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರಬಾರದು. ಕೊಳೆತ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳೇ ಅದರ ತುತ್ತು. ಇಷ್ಟು ಮಾಡಿದರೂ ಸಾಲದು. ಸೂರ್ಯನ ನೀಲಾತೀತ ಕಿರಣಗಳು ಮೈಗೆ ತಾಗದಿದ್ದರೆ ಡಿ ಜೀವಸತ್ವ ಸರಿಯಾಗಿ ಉಂಟಾಗದೆ, ಎಲುಬುಗಳಿಗೆ ಸುಣ್ಣದಂಶ ಸೇರದೆ, ಕಾಲುಗಳು ಸೊಟ್ಟಗಾಗುತ್ತವೆ. ಕಿಟಕಿಯ ಗಾಜು ಈ ಕಿರಣಗಳ ಬಹುಭಾಗವನ್ನು ತಡೆಯುತ್ತದೆಂಬುದನ್ನು ನೆನಪಿಡಬೇಕು. ಪದೇ ಪದೇ ಕೈಯಲ್ಲಿ ಹಿಡಿಯುವುದೂ ಅದಕ್ಕೆ ಸಂಕಟವೇ. ಆಗ ಮೈ ಕಪ್ಪಾಗುವುದನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ! ಬಣ್ಣದ ಬದಲಾವಣೆ ನಮ್ಮ ವಿನೋದಕ್ಕಾಗಿ ಆಗುವುದಲ್ಲ. ಬೆಳಕು, ಶಾಖ, ಭಯ, ಕೋಪಗಳಿಗೆ ತಕ್ಕಂತೆ ಆಗುತ್ತದೆ. ಚರ್ಮದ ಕೋಶಗಳಲ್ಲಿರುವ ಅತಿ ಸೂಕ್ಷ್ಮ ಹರಳುಗಳ ನಡುವಿನ ಅಂತರ ಬದಲಾಗುವುದರಿಂದಲೂ ಬಣ್ಣ ಬದಲಾಗುವುದೆಂದು 2015ರಲ್ಲಿ ಜಿನೀವಾದ ಸಂಶೋಧಕರು ತೋರಿಸಿಕೊಟ್ಟರು.

ಇಷ್ಟು ಶ್ರಮಕ್ಕೆ ಸಿದ್ಧರಾದವರಿಗೂ ನಮ್ಮ ದೇಶದ ಗೋಸುಂಬೆಯನ್ನು ಹಿಡಿದು ಸಾಕಲು ಅನುಮತಿಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದಕ್ಕೆ ರಕ್ಷಣೆಯನ್ನಿತ್ತಿದೆ. ಹಿಡಿಯುವುದೂ ಮಾರುವುದೂ ಅಪರಾಧ. ಪರದೇಶದ ಗೋಸುಂಬೆಗಳನ್ನು ಇಟ್ಟುಕೊಂಡವರಿಗೂ ಈ ಕಾಯಿದೆಯ 2022ರ ತಿದ್ದುಪಡಿಯು ನೋಂದಣಿಯ ಹೊಣೆಯನ್ನು ವಿಧಿಸಿದೆ.

ಹಾಗಾದರೆ ಬೊರಿವಲಿಯ ಮಕ್ಕಳು ಮಾಡಬಹುದಾದ ಪಾಲನೆ ಯಾವುದು? ಮನೆಗಳ ಸಾಲು ಮುಗಿಯುವಲ್ಲಿಯೇ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಸುಮಾರು ನೂರು ಚದರ ಕಿಲೋಮೀಟರಿನ ಅರಣ್ಯವನ್ನು ಹೊಂದಿರುವ ಊರು ನಮ್ಮದು. ಅಲ್ಲಿನ ಪ್ರಾಣಿಗಳನ್ನು ಅಲ್ಲಿಯೇ ನೋಡಬೇಕು. ನಮ್ಮ ಕಟ್ಟಡಗಳ ಅಂಗಳದಲ್ಲಿಯಾದರೋ ಕೆಲಸ ಬೇಕಾದಷ್ಟಿದೆ. ಬೇಲಿಯ ಪೊದೆಗಳನ್ನು ಬುಡಸಮೇತ ಕಡಿಯದಂತೆ ಹಿರಿಯರನ್ನು ಕೇಳಿಕೊಳ್ಳಿರಿ. ತರಗೆಲೆಗಳನ್ನು ಸುಡಬೇಡಿರಿ. ಕೀಟನಾಶಕ ಸಿಂಪಡಿಸಿದ ಗಿಡದಲ್ಲಿ ಮರಿಗೆ ಆಹಾರವಿರದು. ಇದ್ದರೂ ಅದು ವಿಷದ ತುತ್ತು. ಕುಂಡದ ಮಣ್ಣು ಅಗೆಯುವಾಗ ಬಿಳಿಯ ಮೆತ್ತನೆಯ ಮೊಟ್ಟೆಗಳು ಕಂಡರೆ, ಅವುಗಳನ್ನು ಹೊರಳಿಸದೆ ಹಾಗೆಯೇ ಮಣ್ಣು ಮುಚ್ಚಿರಿ. ಮೆಟ್ಟಿಲ ಮೇಲೆ ಸಿಕ್ಕಿಬಿದ್ದ ಓತಿಕ್ಯಾತದ ಮರಿಯನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹತ್ತಿರದ ಪೊದೆಗೆ ಬಿಟ್ಟರೆ ಸಾಕು. ಗಾಯಗೊಂಡ ಗೋಸುಂಬೆ ಕಂಡರೆ ಮಾತ್ರ ಹಿರಿಯರಿಂದ ಅರಣ್ಯ ಇಲಾಖೆಯ 1926 ಸಂಖ್ಯೆಗೆ ದೂರವಾಣಿ ಮಾಡಿಸಿ, ಅವರು ಬರುವವರೆಗೆ ನಾಯಿ, ಬೆಕ್ಕು, ಕಾಗೆಗಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಿರಿ.