ಎದೆನೋವಿಗೆ ಫ್ರೆಂಚಿನಲ್ಲಿ ಏನನ್ನಬೇಕು

ಬೆಂಗಳೂರಿನಿಂದ ಪ್ರವಾಸಿ ತಂಡಗಳನ್ನು ಫ್ರಾನ್ಸಿಗೆ ಕರೆದೊಯ್ಯುವುದು ನನ್ನ ಕೆಲಸ. ಹೊರಡುವ ಮುನ್ನಾದಿನ ಎಲ್ಲರನ್ನೂ ಕೂರಿಸಿಕೊಂಡು ಇಷ್ಟನ್ನು ಬಾಯಿಪಾಠ ಮಾಡಿಸುತ್ತೇನೆ.

1. ಪದಕ್ಕೆ ಪದ ಜೋಡಿಸಬೇಡಿ. ನೀಸ್ ನಗರದ ಹೋಟೆಲಿನಲ್ಲಿ ಒಂದು ಬೆಳಗಿನ ಜಾವ ನಮ್ಮ ತಂಡದ ಹಿರಿಯರೊಬ್ಬರಿಗೆ ಎದೆ ಹಿಂಡಿದಂತಾಯಿತು. ಮಗ ಕೆಳಗೋಡಿ, ನಿಘಂಟಿನಲ್ಲಿ ‘ನೋವು’, ‘ಹೃದಯ’ ಎರಡನ್ನೂ ಹುಡುಕಿ ‘ಮಾಲ್ ಓ ಕರ್’ ಅಂದರು. ರಿಸೆಪ್ಷನ್ನಿನ ಹುಡುಗಿ ಒಂದು ಲೋಟ ನೀರು, ಒಂದು ಪ್ಲಾಸ್ಟಿಕ್ ಚೀಲ ತಂದುಕೊಟ್ಟಳು. ಅವಳ ತಪ್ಪೇನೂ ಇಲ್ಲ. ಫ್ರೆಂಚರ ಬಾಯಲ್ಲಿ ಆ ಮಾತಿಗೆ ಅರ್ಥ ವಾಕರಿಕೆ. ಎದೆನೋವಿಗೆ ‘ದುಲರ್ ಅ ಲ ಪ್ವಾತ್ರೀನ್’ ಎನ್ನಬೇಕು. ನಾನು ಬಂದು ಹಾಗೆಂದ ಕೂಡಲೇ ಅವಳ ಕೈ ಫೋನಿಗೆ ಹೋಯಿತು. ಅಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಹಿರಿಯರು ಉಳಿದುಕೊಂಡರು, ಆದರೆ ಆ ಹತ್ತು ನಿಮಿಷ ನನ್ನನ್ನು ಇಂದಿಗೂ ಬಿಟ್ಟಿಲ್ಲ.

2. ಕಾಯಿಲೆಗೆ 15, ಪೊಲೀಸರಿಗೆ 17, ಬೆಂಕಿಗೆ 18. ಅಗ್ನಿಶಾಮಕದವರು, ಅಂದರೆ ‘ಪೊಂಪಿಯೇ’, ಅಪಘಾತಕ್ಕೂ ಬರುತ್ತಾರೆ. ಏನೂ ನೆನಪಾಗದಿದ್ದರೆ 112. ನಮ್ಮೂರಲ್ಲೂ ಅದೇ ಸಂಖ್ಯೆ. 15ಕ್ಕೆ ಕರೆ ಮಾಡಿದರೆ ‘ಸಾಮ್ಯು’ ಎಂಬ ತುರ್ತು ವೈದ್ಯಕೀಯ ಸೇವೆ ಸಿಗುತ್ತದೆ. ಮೊದಲು ಸಹಾಯಕರು ವಿಳಾಸ ಕೇಳಿಕೊಂಡು, ಆಮೇಲೆ ಡಾಕ್ಟರಿಗೆ ಕೊಡುತ್ತಾರೆ. ಯಾವ ವಾಹನ, ಯಾವ ತಂಡ ಕಳಿಸಬೇಕೆಂದು ತೀರ್ಮಾನಿಸುವುದು ಆ ಡಾಕ್ಟರು. ಬರೀ ಪ್ರಶ್ನೆ ಕೇಳುತ್ತಾರೆಂದು ಸಿಟ್ಟಾಗಿ ಫೋನ್ ಇಟ್ಟುಬಿಡಬೇಡಿ. ‘ನ ಕೀತೇ ಪಾ’ ಅಂದರೆ ‘ಲೈನಿನಲ್ಲೇ ಇರಿ’.

3. ಮೊದಲು ಜಾಗ, ಆಮೇಲೆ ಸಂಕಟ. ಲೈನು ಕಡಿದುಹೋದರೂ ಜಾಗ ಗೊತ್ತಿದ್ದರೆ ಬರುತ್ತಾರೆ. ಪ್ಯಾರಿಸ್ಸಿನ ಬೀದಿ ಮೂಲೆಗಳಲ್ಲಿ ಹಸಿರು ಅಂಚಿನ ನೀಲಿ ಫಲಕವಿರುತ್ತದೆ; ಬೀದಿಯ ಹೆಸರಿನ ಮೇಲೆ ವಿಭಾಗದ ಸಂಖ್ಯೆಯೂ ಇರುತ್ತದೆ. ಊರಿಗೆ ಇಪ್ಪತ್ತು ವಿಭಾಗ, ಅದನ್ನೂ ಹೇಳಿ. ಮನೆ ಸಂಖ್ಯೆಯನ್ನು ಬಿಡಿಬಿಡಿಯಾಗಿ ಹೇಳಿ. ಫ್ರೆಂಚಿನಲ್ಲಿ 92 ಎಂದರೆ ‘ನಾಲ್ಕು ಇಪ್ಪತ್ತು ಹನ್ನೆರಡು’. ಗಾಬರಿಯಲ್ಲಿ ಆ ಲೆಕ್ಕ ಯಾರಿಗೆ ಬರುತ್ತದೆ? ‘ನಫ್, ದ’ ಅಂದರೆ ಸಾಕು. ಮುಂದಿನ ಮಾತು ಉಸಿರಿನದು: ‘ಇಲ್ ನ ರೆಸ್ಪೀರ್ ಪಾ’, ಅವರು ಉಸಿರಾಡುತ್ತಿಲ್ಲ. ಹೆಂಗಸಾದರೆ ‘ಇಲ್’ ಬದಲು ‘ಎಲ್’.

4. ಪ್ರಾಣಕ್ಕೆ ಬಂದಾಗ ‘ಓ ಸಕೂರ್’ ಎಂದು ಕೂಗಿ. ಪರ್ಸು ಕಿತ್ತುಕೊಂಡು ಓಡಿದರೆ ‘ಓ ವೊಲರ್’, ಅಂದರೆ ಕಳ್ಳ. ಉಳಿದಂತೆ, ಎಷ್ಟೇ ಅವಸರವಿದ್ದರೂ ಮೊದಲು ‘ಬೊಂಜೂರ್’ ಅನ್ನಿ. ನಮಸ್ಕಾರವಿಲ್ಲದೆ ಮಾತು ಶುರುಮಾಡುವುದು ಅಲ್ಲಿ ಒರಟುತನ.

5. ಒಂದು ಚೀಟಿ ಜೇಬಿನಲ್ಲಿರಲಿ. ಮಾತ್ರೆಯ ಕಂಪನಿ ಹೆಸರು ಬೇಡ, ಔಷಧದ ಹೆಸರನ್ನೇ ಬರೆಯಿರಿ; ಹಸಿರು ಶಿಲುಬೆಯ ದೀಪವಿರುವ ಔಷಧದಂಗಡಿಯಲ್ಲಿ ಅದೇ ಉಪಯೋಗಕ್ಕೆ ಬರುವುದು. ಶೇಂಗಾ ಒಗ್ಗದವರ ಚೀಟಿಯಲ್ಲಿ ‘ಅರಾಶೀದ್’, ‘ಕಾಕಾವೆತ್’ ಎರಡನ್ನೂ ಬರೆಸುತ್ತೇನೆ. ಪೊಟ್ಟಣದ ಮೇಲೆ ಅಚ್ಚಾಗಿರುವುದು ಮೊದಲನೆಯದು, ಜನರ ಬಾಯಲ್ಲಿರುವುದು ಎರಡನೆಯದು.