ಬಾಯಿಯ ಒಳಪೊರೆ ಮತ್ತು ನಮ್ಮ ಅಡಿಕೆ



ನಾವು ಬೆಳೆದ ಅಡಿಕೆ ಮಂಡಿ ದಾಟಿ ದೂರದ ಊರುಗಳನ್ನು ಸೇರುತ್ತದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿಗಳ ಕಬ್ಬಿನ ಹೊಲಗಳಲ್ಲಿ, ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ದುಡಿಯುವವರ ಪೈಕಿ ಅಡಿಕೆ ಜಗಿಯುವವರು ಅನೇಕರು. ಅದು ಅವರ ಬಾಯಿಯಲ್ಲಿ ಏನು ಮಾಡುತ್ತದೆಂಬುದನ್ನು ಬೆಳೆಗಾರರಾದ ನಾವು ತಿಳಿದಿರಬೇಕು.

ಬಾಯಿಯ ಒಳಭಾಗವನ್ನು ಹೊದ್ದಿರುವ ತೇವದ ಪೊರೆಗೆ ಲೋಳೆಪೊರೆ ಎಂದು ಹೆಸರು. ಇದರಲ್ಲಿ ಎರಡು ಪದರಗಳಿವೆ. ಮೇಲಿನದು ಜೀವಕೋಶಗಳ ಪದರ; ಹಳೆಯ ಕೋಶಗಳು ಉದುರಿದಂತೆ ತಳದಿಂದ ಹೊಸವು ಮೇಲೇರುತ್ತವೆ. ಕೆನ್ನೆ ಕಚ್ಚಿಕೊಂಡ ಗಾಯ ಬೇಗ ಮಾಯುವುದು ಇದರಿಂದಲೇ. ಕೆಳಗಿನದು ನಾರು, ರಕ್ತನಾಳ ಮತ್ತು ನರಗಳ ಪದರ. ಮೇಲ್ಪದರಕ್ಕೆ ಪೋಷಣೆ ಇಲ್ಲಿಂದ ಬರುತ್ತದೆ. ಒಸಡಿನ ಮೇಲೆ ಪೊರೆ ಬಿರುಸು. ಕೆನ್ನೆಯೊಳಗೆ ಮೃದು, ಹಿಗ್ಗುವಂಥದು.

ಸಾಮಾನ್ಯ ಬಾಯಿಹುಣ್ಣು ಒಂದೆರಡು ವಾರದಲ್ಲಿ ವಾಸಿಯಾಗುತ್ತದೆ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆಗಳು ಮುಂದೆ ಕ್ಯಾನ್ಸರ್ ಆಗಬಹುದು. ಅಡಿಕೆಗೆ ನೇರ ಸಂಬಂಧಿಸಿದ್ದು ‘ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್’. 1952ರಲ್ಲಿ ಶ್ವಾರ್ಟ್ಸ್ ಎಂಬವರು ಕೆನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ಗುರುತಿಸಿ ವರ್ಣಿಸಿದರು. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಸತ್ವವು ಕೆಳಪದರದಲ್ಲಿ ನಾರನ್ನು ಹೆಚ್ಚಿಸುತ್ತದೆ. ಅಡಿಕೆಯಲ್ಲಿನ ತಾಮ್ರದ ಅಂಶ ಆ ನಾರನ್ನು ಬಿಗಿಗೊಳಿಸಲು ನೆರವಾಗುತ್ತದೆ. ಮೊದಲು ಖಾರ ತಾಗಿದರೆ ಉರಿ. ಚಟ್ನಿ ಹಚ್ಚಿದ ರೊಟ್ಟಿ ತಿನ್ನುವುದೂ ಕಷ್ಟ. ಆಮೇಲೆ ಕೆನ್ನೆ ಬಿಳಿಚಿ ಗಡುಸಾಗಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಕೆಲವರಲ್ಲಿ ಇದು ಕ್ಯಾನ್ಸರಿಗೆ ತಿರುಗುತ್ತದೆ.

ದೋಷವೆಲ್ಲ ತಂಬಾಕಿನದೆಂದು ಹೇಳುವವರು ನಮ್ಮಲ್ಲಿದ್ದಾರೆ. ತಂಬಾಕು ಸೇರಿದರೆ ಅಪಾಯ ಹೆಚ್ಚುವುದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ತಂಬಾಕಿಲ್ಲದ ಪಾನ್ ಮಸಾಲೆಯಲ್ಲಿಯೂ ಅಡಿಕೆ ಇದೆ.

ಪರೀಕ್ಷೆ ಸುಲಭ. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂಬಲ್ಲುಗಳ ನಡುವೆ ತೂರಿಸಿ ನೋಡಬೇಕು. ತೂರದಿದ್ದರೆ, ಅಥವಾ ಎರಡು ವಾರ ದಾಟಿದರೂ ಹುಣ್ಣು, ಮಚ್ಚೆ ಉಳಿದಿದ್ದರೆ, ದಂತವೈದ್ಯರಿಗೆ ತೋರಿಸಬೇಕು. ಆ ಭಾಗದವರಿಗೆ ಬಾಗಲಕೋಟೆಯಲ್ಲೇ ದಂತ ವೈದ್ಯಕೀಯ ಕಾಲೇಜು ಇದೆ. ಬಿಗಿದ ನಾರು ಪೂರ್ತಿ ಸಡಿಲವಾಗುವುದು ಅಪರೂಪ. ಆದ್ದರಿಂದ ಉರಿ ಕಾಣಿಸಿದ ದಿನವೇ ಅಡಿಕೆ ಬಿಡುವುದು ಮೊದಲ ಚಿಕಿತ್ಸೆ.

ಅಡಿಕೆ ನಮ್ಮ ಅನ್ನ. ಹಾಗೆಂದು ಅದರ ಕೆಡುಕನ್ನು ಮುಚ್ಚಿಡುವುದು ಸಹಕಾರ ಧರ್ಮವಲ್ಲ. ನಮ್ಮ ಮನೆಗಳಲ್ಲಿ, ಅಡಿಕೆ ಸುಲಿಯುವ ಚಪ್ಪರಗಳಲ್ಲಿ ಈ ಮೂರು ಬೆರಳಿನ ಪರೀಕ್ಷೆಯನ್ನು ಸದಸ್ಯರು ಮೊದಲು ಮಾಡಿಸಬೇಕೆಂದು ಕೋರುತ್ತೇವೆ.