ಗಣಕ ಬಳಕೆಯ ವೆಚ್ಚ ಹಂಚಿಕೆ: ದಿನದ ದಾಖಲೆ, ದಿನದ ತಾಳೆ

ಕೊರಟಗೆರೆ, ಮಧುಗಿರಿ, ಶಿರಾ ಮತ್ತು ಪಾವಗಡ ತಾಲ್ಲೂಕುಗಳ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಹಂಚಿಕೆಯ ವೆಚ್ಚವೆಂಬುದು ಹೊಸ ವಿಷಯವಲ್ಲ. ಒಂದೇ ವೇಬ್ರಿಡ್ಜ್, ಒಂದೇ ಡೀಸೆಲ್ ಜನರೇಟರ್, ಒಂದೇ ಗೋದಾಮನ್ನು ನಾಲ್ಕೈದು ಸಂಸ್ಥೆಗಳು ಬಳಸಿ, ತಿಂಗಳ ಕೊನೆಯಲ್ಲಿ ವೆಚ್ಚವನ್ನು ಹಂಚಿಕೊಳ್ಳುವುದು ವ್ಯಾಪಾರದ ಹಳೆಯ ರೂಢಿ. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಲೆಕ್ಕಪತ್ರದ ತಂತ್ರಾಂಶ, ಬಾಡಿಗೆ ಸರ್ವರ್ ಹಾಗೂ ಕ್ಲೌಡ್ ಸೇವೆಗಳೂ ಸೇರಿಕೊಂಡಿವೆ. ಹಂಚಿಕೆಯ ದರ ಎಷ್ಟಿರಬೇಕೆಂಬ ಬಗ್ಗೆ ಆರಂಭದಲ್ಲಿ ದೀರ್ಘ ಚರ್ಚೆ ನಡೆಯುತ್ತದೆ. ಆದರೆ ಬಳಕೆಯ ಅಳತೆಯನ್ನು ಯಾರು, ಯಾವಾಗ, ಹೇಗೆ ಪರಿಶೀಲಿಸಬೇಕೆಂಬ ಪ್ರಶ್ನೆ ಚರ್ಚೆಗೇ ಬರುವುದಿಲ್ಲ. ಮುಂದೆ ಹುಟ್ಟುವ ವೈಮನಸ್ಯಗಳಿಗೆ ದರಕ್ಕಿಂತ ಅಳತೆಯೇ ಹೆಚ್ಚಾಗಿ ಕಾರಣವಾಗುತ್ತದೆ.

ಈ ತೊಡಕನ್ನು ಬಹಳ ಹಿಂದೆಯೇ ದೊಡ್ಡ ಪ್ರಮಾಣದಲ್ಲಿ ಎದುರಿಸಿ ಅದಕ್ಕೊಂದು ಶಿಸ್ತನ್ನು ರೂಪಿಸಿದವರು ಮೇನ್‌ಫ್ರೇಮ್ ಗಣಕಗಳ ಲೆಕ್ಕಿಗರು. ಐಬಿಎಂ ಸಂಸ್ಥೆಯು ತನ್ನ ಸಿಸ್ಟಮ್/360 ಶ್ರೇಣಿಯನ್ನು ಪ್ರಕಟಿಸಿದ್ದು 1964ರ ಏಪ್ರಿಲ್ 7ರಂದು. ಅದೇ ಶ್ರೇಣಿಯ 360/44 ಯಂತ್ರವೊಂದು 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರದಲ್ಲಿತ್ತು. ಆ ಕಾಲದಲ್ಲಿ ಮೇಜಿಗೊಂದು ಗಣಕವೆಂಬುದು ಊಹೆಗೂ ನಿಲುಕದ ಮಾತು. ಒಂದು ದೊಡ್ಡ ಸಂಸ್ಥೆಯ ಸಂಬಳ, ದಾಸ್ತಾನು, ಮಾರಾಟ ವಿಭಾಗಗಳೆಲ್ಲವೂ ಒಂದೇ ದುಬಾರಿ ಯಂತ್ರವನ್ನು ಬಳಸಬೇಕಾಗಿತ್ತು. ಆ ಯಂತ್ರದ ಒಟ್ಟು ವೆಚ್ಚವನ್ನು ಬಳಕೆಗೆ ಅನುಗುಣವಾಗಿ ಆಯಾ ವಿಭಾಗದ ಖಾತೆಗೆ ಖರ್ಚು ಬರೆಯುವ ಪದ್ಧತಿಗೆ ಚಾರ್ಜ್‌ಬ್ಯಾಕ್ ಎಂದು ಹೆಸರು. ಜಗತ್ತಿನ ಅನೇಕ ದೊಡ್ಡ ಬ್ಯಾಂಕುಗಳು ಹಾಗೂ ವಿಮಾ ಸಂಸ್ಥೆಗಳು ಇಂದಿಗೂ ಮೇನ್‌ಫ್ರೇಮ್‌ಗಳನ್ನು ಉಳಿಸಿಕೊಂಡಿವೆ. ಅವುಗಳ ನಿರ್ವಹಣೆಯ ಕೆಲಸವು ಬೆಂಗಳೂರಿನಲ್ಲಿಯೂ ನಡೆಯುತ್ತಿದೆ. ಆ ಪದ್ಧತಿಯ ದೈನಂದಿನ ಕ್ರಮವನ್ನು ವಿವರಿಸಿ, ಸಣ್ಣ ವ್ಯವಹಾರಕ್ಕೆ ಅದರಿಂದ ಎಷ್ಟು ದಕ್ಕುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯಂತ್ರವೇ ಬರೆಯುವ ಕಿರ್ದಿ

ಐಬಿಎಂ ಮೇನ್‌ಫ್ರೇಮ್‌ನಲ್ಲಿ ಬಳಕೆಯ ದಾಖಲೆಯನ್ನು ಗುಮಾಸ್ತನು ಬರೆಯುವುದಿಲ್ಲ; ಯಂತ್ರವೇ ಬರೆದುಕೊಳ್ಳುತ್ತದೆ. ಈ ವ್ಯವಸ್ಥೆಗೆ ಸಿಸ್ಟಮ್ ಮ್ಯಾನೇಜ್‌ಮೆಂಟ್ ಫೆಸಿಲಿಟೀಸ್, ಸಂಕ್ಷಿಪ್ತವಾಗಿ ಎಸ್‌ಎಂಎಫ್, ಎಂದು ಹೆಸರು. ಪ್ರತಿಯೊಂದು ಬಗೆಯ ದಾಖಲೆಗೂ ಒಂದೊಂದು ಸಂಖ್ಯೆಯಿದೆ. ವೆಚ್ಚ ಹಂಚಿಕೆಗೆ ಬಹುಮುಖ್ಯವಾದುದು 30ನೇ ಬಗೆ. ಒಂದು ಕೆಲಸ ಯಾವ ಖಾತೆ ಸಂಕೇತದಡಿ ನಡೆಯಿತು, ಯಾವಾಗ ಆರಂಭವಾಗಿ ಯಾವಾಗ ಮುಗಿಯಿತು, ಎಷ್ಟು ಸಿಪಿಯು ಸೆಕೆಂಡು ಬಳಸಿತು, ಡಿಸ್ಕಿನೊಡನೆ ಎಷ್ಟು ಬಾರಿ ವ್ಯವಹರಿಸಿತು ಎಂಬ ವಿವರಗಳು ಅದರಲ್ಲಿರುತ್ತವೆ. ಮುದ್ರಣದ ಲೆಕ್ಕವು 6ನೇ ಬಗೆಯಲ್ಲಿ ಬರುತ್ತದೆ.

ಸಾಂಪ್ರದಾಯಿಕ ವ್ಯವಸ್ಥೆಯಲ್ಲಿ ಈ ದಾಖಲೆಗಳು ನಿಗದಿತ ಗಾತ್ರದ ಕಡತಗಳಲ್ಲಿ ಸಂಗ್ರಹವಾಗುತ್ತವೆ. ಒಂದು ಕಡತ ತುಂಬಿದೊಡನೆ ಯಂತ್ರವು ಮತ್ತೊಂದಕ್ಕೆ ಹೊರಳುತ್ತದೆ. ತುಂಬಿದ ಕಡತವನ್ನು ಬೇರೆಡೆಗೆ ಇಳಿಸಿ ಖಾಲಿ ಮಾಡಿಡುವುದು ನಿರ್ವಾಹಕರ ಹೊಣೆ. ಎಲ್ಲ ಕಡತಗಳೂ ತುಂಬಿ, ಯಾರೂ ಖಾಲಿ ಮಾಡದೆ ಹೋದರೆ ಮುಂದಿನ ದಾಖಲೆಗಳು ನಷ್ಟವಾಗುತ್ತವೆ. ಆಗ ಯಂತ್ರವು ಎಷ್ಟು ದಾಖಲೆಗಳು ಕಳೆದುಹೋದವು ಎಂಬುದನ್ನು ಎಣಿಸಿಟ್ಟುಕೊಂಡು, ಸ್ಥಳ ದೊರೆತ ಕೂಡಲೇ 7ನೇ ಬಗೆಯ ದಾಖಲೆಯಾಗಿ ಬರೆಯುತ್ತದೆ. ತಾನು ಬರೆಯಲಾಗದ್ದನ್ನೂ ಲೆಕ್ಕವಿಟ್ಟು ಒಪ್ಪಿಕೊಳ್ಳುವ ಇಂತಹ ಕಿರ್ದಿ ಮನುಷ್ಯರ ಅಂಗಡಿಗಳಲ್ಲಿ ಅಪರೂಪವೆಂದರೆ ತಪ್ಪಾಗಲಾರದು.

30ನೇ ಬಗೆಯಲ್ಲಿ ಒಂದು ಅಪಾಯವೂ ಅಡಗಿದೆ. ಅದರೊಳಗೆ ಉಪವಿಧಗಳಿವೆ: ಕೆಲಸ ನಡೆಯುತ್ತಿರುವಾಗ ನಿಗದಿತ ಅವಧಿಗೊಮ್ಮೆ ಬರೆಯುವಂಥದ್ದು, ಕೆಲಸದ ಒಂದು ಹಂತ ಮುಗಿದಾಗ ಬರೆಯುವಂಥದ್ದು, ಇಡೀ ಕೆಲಸ ಮುಗಿದಾಗ ಬರೆಯುವಂಥದ್ದು. ಒಂದೇ ಬಳಕೆ ಈ ಮೂರರಲ್ಲಿಯೂ ಕಾಣಿಸಿಕೊಳ್ಳುತ್ತದೆ. ತಿಳಿಯದೆ ಎಲ್ಲವನ್ನೂ ಕೂಡಿದರೆ ಬಳಕೆದಾರನಿಗೆ ಎರಡು ಅಥವಾ ಮೂರು ಪಟ್ಟು ಬಿಲ್ಲು ಹೋಗುತ್ತದೆ. ದಿನವಹಿ, ವಾರದ ಪಟ್ಟಿ, ತಿಂಗಳ ಪಟ್ಟಿ ಮೂರನ್ನೂ ಕೂಡಿ ಮಾರಾಟವೆಂದು ತೋರಿಸಿದಂತೆ. ಹಾಗೆಂದು ಅವಧಿಯ ದಾಖಲೆಗಳನ್ನು ಎಸೆಯುವಂತಿಲ್ಲ. ಯಂತ್ರವು ಹಠಾತ್ತನೆ ನಿಂತುಹೋದಾಗ ಮುಕ್ತಾಯದ ದಾಖಲೆ ಬರುವುದೇ ಇಲ್ಲ. ಅಲ್ಲಿಯವರೆಗಿನ ಬಳಕೆಗೆ ಅವಧಿಯ ದಾಖಲೆಯೊಂದೇ ಸಾಕ್ಷಿಯಾಗಿ ಉಳಿಯುತ್ತದೆ.

ಪ್ರತಿದಿನದ ಪರಿಶೀಲನೆ

ಹಿಂದಿನ ದಿನದ ದಾಖಲೆಗಳನ್ನು ಒಟ್ಟುಗೂಡಿಸಿದ ಬಳಿಕ ಮೊದಲು ನೋಡಬೇಕಾದುದು ಹಣವನ್ನಲ್ಲ, ಪೂರ್ಣತೆಯನ್ನು. ಯಂತ್ರದ ಒಟ್ಟು ಚಟುವಟಿಕೆಯನ್ನು ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ ಅಳೆದು ದಾಖಲಿಸಲಾಗುತ್ತದೆ. ಅಂದರೆ ದಿನಕ್ಕೆ 96 ದಾಖಲೆಗಳು ಇರಲೇಬೇಕು. 95 ಇದ್ದರೆ ಒಂದು ಕಾಣೆಯಾಗಿದೆ. 97 ಇದ್ದರೆ ಒಂದು ಎರಡು ಬಾರಿ ಸೇರಿದೆ. ಇದಕ್ಕೆ ಹೋಲುವ ಎಣಿಕೆ ಪಾವಗಡದ ಓದುಗರಿಗೆ ತೀರ ಹತ್ತಿರದಲ್ಲಿಯೇ ಇದೆ. ತಿರುಮಣಿ ಸುತ್ತಮುತ್ತಲಿನ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನದಲ್ಲಿ ಹಲವು ಉತ್ಪಾದಕರ ವಿದ್ಯುತ್ತು ಸಾಮಾನ್ಯ ಉಪಕೇಂದ್ರಗಳ ಮೂಲಕ ಗ್ರಿಡ್ ಸೇರುತ್ತದೆ. ವಿದ್ಯುತ್ ಲೆಕ್ಕದಲ್ಲಿಯೂ ದಿನವನ್ನು 15 ನಿಮಿಷಗಳ 96 ಕಾಲಖಂಡಗಳಾಗಿಯೇ ವಿಂಗಡಿಸಲಾಗಿದೆ. ಎಷ್ಟು ಇರಬೇಕೆಂಬುದು ಮೊದಲೇ ತಿಳಿದಿದ್ದರೆ ಮಾತ್ರ ಯಾವುದು ಇಲ್ಲವೆಂಬುದು ತಿಳಿಯುತ್ತದೆ. ವೇಬ್ರಿಡ್ಜ್ ಚೀಟಿಗಳಿಗೆ ಕ್ರಮಸಂಖ್ಯೆ ಹಾಕುವುದು ಇದೇ ಕಾರಣಕ್ಕಾಗಿ. ಸಂಜೆ 56ರ ಬಳಿಕ 58 ಕಂಡರೆ 57ನ್ನು ಅಂದೇ ಹುಡುಕಬಹುದು. ತಿಂಗಳ ಬಳಿಕ ಆ ಲಾರಿಯ ಚಾಲಕನ ನೆನಪೂ ಇರುವುದಿಲ್ಲ.

ಎರಡನೆಯದು ಖಾತೆ ಸಂಕೇತ. ಪ್ರತಿ ದಾಖಲೆಯ ಸಂಕೇತವನ್ನೂ ಅನುಮೋದಿತ ಪಟ್ಟಿಯೊಡನೆ ಹೋಲಿಸಬೇಕು. ಪಟ್ಟಿಯಲ್ಲಿ ಇಲ್ಲದ, ತಪ್ಪಾಗಿ ಬರೆದ ಅಥವಾ ಮುಚ್ಚಿದ ವಿಭಾಗದ ಸಂಕೇತವಿದ್ದರೆ ಅದನ್ನು ಸಸ್ಪೆನ್ಸ್ ಖಾತೆಗೆ ಹಾಕಿ, ಸಂಬಂಧಪಟ್ಟವರಿಗೆ ಅಂದೇ ತಿಳಿಸಬೇಕು. ಇಲ್ಲಿ ಎರಡು ಸುಲಭದ ದಾರಿಗಳು ಆಕರ್ಷಿಸುತ್ತವೆ. ಗುರುತಿಲ್ಲದ ದಾಖಲೆಯನ್ನು ಬಿಟ್ಟುಬಿಡುವುದು ಒಂದು. ಅತಿ ದೊಡ್ಡ ಬಳಕೆದಾರನ ತಲೆಗೆ ಕಟ್ಟುವುದು ಇನ್ನೊಂದು. ಎರಡೂ ಒಬ್ಬರ ಹಣವನ್ನು ಇನ್ನೊಬ್ಬರಿಂದ ವಸೂಲು ಮಾಡಿದಂತೆಯೇ.

ಮೂರನೆಯದು, ಮತ್ತು ಲೆಕ್ಕಿಗನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಒಟ್ಟು ಮೊತ್ತದ ತಾಳೆ. ಒಂದು ದಿನ ಯಂತ್ರದ ಸ್ವಂತ ಮಾಪನದ ಪ್ರಕಾರ 60,000 ಸಿಪಿಯು ಸೆಕೆಂಡು ಬಳಕೆಯಾಗಿದೆ, ಕೆಲಸಗಳ ದಾಖಲೆಗಳನ್ನು ಕೂಡಿದರೆ 54,000 ಬರುತ್ತದೆ ಎಂದು ಭಾವಿಸಬಹುದು. ಉಳಿದ 6,000 ಸೆಕೆಂಡು ಯಂತ್ರವು ತನ್ನನ್ನು ತಾನೇ ನಡೆಸಿಕೊಳ್ಳಲು ಬಳಸಿದ್ದು. ಯಾವ ಒಂದು ಕೆಲಸಕ್ಕೂ ಅದು ಸೇರುವುದಿಲ್ಲ. ಹೀಗೆ ಶೇಕಡಾ 90ರಷ್ಟು ಬಳಕೆ ಗುರುತಿಗೆ ಸಿಕ್ಕಿದೆ. ಈ ಪ್ರಮಾಣ ದಿನವೂ 90ರ ಆಸುಪಾಸಿನಲ್ಲಿದ್ದು, ಒಂದು ದಿನ 78ಕ್ಕೆ ಇಳಿದರೆ ಎಲ್ಲೋ ದಾಖಲೆ ಸೋರಿದೆಯೆಂದು ಶಂಕಿಸಬೇಕು. 100ನ್ನು ದಾಟಿದರೆ ಎರಡೆಣಿಕೆ ಆಗಿದೆಯೆಂಬುದರಲ್ಲಿ ಹೆಚ್ಚು ಅನುಮಾನವಿಲ್ಲ. ಇನ್ನು ಆ 54,000ದಲ್ಲಿ 1,800 ಸೆಕೆಂಡಿಗೆ ಸರಿಯಾದ ಖಾತೆ ಸಂಕೇತವಿಲ್ಲ ಎಂದಾದರೆ, ಸೆಕೆಂಡಿಗೆ 2 ರೂ. ದರದಲ್ಲಿ ದಿನಕ್ಕೆ 3,600 ರೂ., 250 ಕೆಲಸದ ದಿನಗಳಿಗೆ 9 ಲಕ್ಷ ರೂ. ದಿನದ ಮೊತ್ತ ನೋಡಿ ಕ್ಷುಲ್ಲಕವೆಂದು ಸುಮ್ಮನಿದ್ದವರು ವರ್ಷದ ಕೊನೆಯಲ್ಲಿ ಉತ್ತರ ಹೇಳಬೇಕಾಗುತ್ತದೆ.

ಮಧ್ಯರಾತ್ರಿಯ ಗಡಿಯನ್ನು ದಾಟುವ ಕೆಲಸಗಳದು ಸಣ್ಣ ತಕರಾರು. 11.50ಕ್ಕೆ ಆರಂಭವಾಗಿ 12.40ಕ್ಕೆ ಮುಗಿದ ಕೆಲಸ ಯಾವ ದಿನದ ಲೆಕ್ಕ? ಮುಗಿದ ದಿನಕ್ಕೆ ಸೇರಿಸುವುದು ಅನುಕೂಲ. ಯಾವ ನಿಯಮವಾದರೂ ಸರಿಯೇ, ವರ್ಷವಿಡೀ ಒಂದೇ ಇರಬೇಕು.

ತಿದ್ದುಪಡಿಯ ವಿಷಯದಲ್ಲಿ ಮಾತ್ರ ಸಡಿಲಿಕೆ ಸಲ್ಲದು. ಮೂಲ ದಾಖಲೆಯನ್ನು ಮುಟ್ಟಬಾರದು. ತಪ್ಪಿಗೆ ವಿರುದ್ಧ ನಮೂದು ಬರೆದು, ಸರಿಯಾದುದನ್ನು ಮತ್ತೆ ಬರೆಯಬೇಕು. ಭಾರತದಲ್ಲಿ ಕಂಪನಿಗಳ ಲೆಕ್ಕಪತ್ರ ತಂತ್ರಾಂಶವು ಪ್ರತಿ ಬದಲಾವಣೆಯ ಜಾಡನ್ನು ಉಳಿಸಿಕೊಳ್ಳಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಅನ್ವಯಕ್ಕೆ ಬಂದಿದೆ. ಪಾಲುದಾರಿಕೆ ಮತ್ತು ಏಕಮಾಲೀಕತ್ವದ ಸಂಸ್ಥೆಗಳಿಗೆ ಆ ನಿಯಮದ ಕಟ್ಟುಪಾಡಿಲ್ಲವಾದರೂ ಅದನ್ನು ಅನುಸರಿಸಿದರೆ ನಷ್ಟವೇನೂ ಇಲ್ಲ.

ದರ ಮತ್ತು ಅದರ ಬಲೆ

ಎರಡು ಯಂತ್ರಗಳಿದ್ದು, ಹೊಸದು ಹಳೆಯದರ ಎರಡು ಪಟ್ಟು ವೇಗದ್ದಾಗಿದ್ದರೆ, ಹಳೆಯದರಲ್ಲಿ 40 ಸೆಕೆಂಡು ಹಿಡಿಯುವ ಕೆಲಸ ಹೊಸದರಲ್ಲಿ 20ಕ್ಕೆ ಮುಗಿಯುತ್ತದೆ. ಸೆಕೆಂಡಿನ ದರ ಒಂದೇ ಇದ್ದರೆ ಅದೇ ಕೆಲಸಕ್ಕೆ ಇಂದು ಒಂದು ಬಿಲ್ಲು, ನಾಳೆ ಅರ್ಧ ಬಿಲ್ಲು. ಆದ್ದರಿಂದ ಎಲ್ಲ ಸೆಕೆಂಡುಗಳನ್ನೂ ಒಂದು ಮಾನಕ ಯಂತ್ರದ ಸೆಕೆಂಡಿಗೆ ಪರಿವರ್ತಿಸಿದ ಬಳಿಕವೇ ದರ ಹಾಕಬೇಕು.

ದರ ನಿಗದಿಯಲ್ಲಿ ಇನ್ನೊಂದು ಬಲೆಯಿದೆ. ವಾರ್ಷಿಕ ವೆಚ್ಚ 36 ಲಕ್ಷ ರೂ., ನಿರೀಕ್ಷಿತ ಬಳಕೆ 12 ಲಕ್ಷ ಘಟಕ. ದರ 3 ರೂ. ಬಳಕೆ 10 ಲಕ್ಷಕ್ಕೆ ಇಳಿದರೆ ವಸೂಲಾಗುವುದು 30 ಲಕ್ಷ. ಕೊರತೆ ತುಂಬಲು ದರವನ್ನು 3.60 ರೂ.ಗೆ ಏರಿಸಿದರೆ ಮತ್ತೊಬ್ಬ ಬಳಕೆದಾರ ಬಿಟ್ಟುಹೋಗುತ್ತಾನೆ; ಉಳಿದವರ ದರ ಮತ್ತೆ ಏರುತ್ತದೆ. ಯಂತ್ರದ ಬಾಡಿಗೆಯಂತಹ ಸ್ಥಿರ ವೆಚ್ಚವನ್ನು ಕಾಯ್ದಿರಿಸಿದ ಸಾಮರ್ಥ್ಯದ ಮೇಲೂ, ಬದಲಾಗುವ ವೆಚ್ಚವನ್ನು ಬಳಕೆಯ ಮೇಲೂ ಹಂಚುವುದೇ ಇದಕ್ಕೆ ಸಮಂಜಸವಾದ ಪರಿಹಾರ.

ಕೊರಟಗೆರೆಯ ಅಳತೆಯಲ್ಲಿ

ಕೊರಟಗೆರೆಯ ಐದು ಸಂಸ್ಥೆಗಳು ಒಂದೇ ಬಾಡಿಗೆ ಸರ್ವರ್‌ನಲ್ಲಿ ಲೆಕ್ಕಪತ್ರ ಇಡುತ್ತಿವೆ, ತಿಂಗಳ ವೆಚ್ಚ 20,000 ರೂ. ಎಂಬ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಸಮನಾಗಿ ಹಂಚಿದರೆ ತಲಾ 4,000. ಆದರೆ ಹುಣಸೆಹಣ್ಣಿನ ವರ್ತಕರ ಬಳಕೆ ಸುಗ್ಗಿಯಲ್ಲಿ ಏರಿ, ಮಳೆಗಾಲದಲ್ಲಿ ಇಳಿಯುವುದರಿಂದ ಬಳಕೆಯ ಗಂಟೆಗಳ ಮೇಲೆ ಹಂಚಲು ಎಲ್ಲರೂ ಒಪ್ಪುತ್ತಾರೆ. ಒಟ್ಟು 800 ಗಂಟೆ. ಗಂಟೆಗೆ 25 ರೂ. ಹುಣಸೆ ವರ್ತಕರದು 240 ಗಂಟೆ, ಅವರ ಪಾಲು 6,000.

ಈಗ ಆ 800ರಲ್ಲಿ 80 ಗಂಟೆಗಳು ಎಲ್ಲರಿಗೂ ಗುಪ್ತಪದ ತಿಳಿದಿರುವ ಅಡ್ಮಿನ್ ಎಂಬ ಹೆಸರಿನಲ್ಲಿ ನಡೆದಿವೆಯೆಂದರೆ? ಗುರುತು ಸಿಕ್ಕ 720 ಗಂಟೆಗಳ ಮೇಲೆಯೇ 20,000 ರೂ.ಗಳನ್ನು ಹಂಚಿದರೆ ದರ 27.78ಕ್ಕೆ ಏರುತ್ತದೆ, ಹುಣಸೆ ವರ್ತಕರು 6,667 ರೂ. ತೆರುತ್ತಾರೆ. ಆ 80 ಗಂಟೆಗಳನ್ನು ನಿಜವಾಗಿ ಬಳಸಿದ್ದು ತನ್ನ ಹೆಸರಿನಲ್ಲಿ 160 ಗಂಟೆ ತೋರಿಸಿದ ಸಂಸ್ಥೆಯಾದರೆ, ಅದು 6,000 ಕೊಡುವ ಬದಲು 4,444 ಕೊಟ್ಟು ಪಾರಾಗುತ್ತದೆ. ದರಪಟ್ಟಿಯಲ್ಲಿ ತಪ್ಪಿಲ್ಲ, ಗುಣಾಕಾರದಲ್ಲಿ ತಪ್ಪಿಲ್ಲ. ಆದರೂ ಪ್ರಾಮಾಣಿಕವಾಗಿ ತನ್ನ ಹೆಸರಿನಲ್ಲಿ ಕೆಲಸ ಮಾಡಿದವನಿಗೆ ದಂಡ ಬಿದ್ದಿದೆ. ಪ್ರತಿ ಸಿಬ್ಬಂದಿಗೂ ಪ್ರತ್ಯೇಕ ಲಾಗಿನ್ ನೀಡಿ, ಮರುದಿನ ಬೆಳಿಗ್ಗೆ ಹತ್ತು ನಿಮಿಷ ಪಟ್ಟಿಯನ್ನು ನೋಡಿ, ಗುರುತಿಲ್ಲದ ಗಂಟೆಗಳ ಬಗ್ಗೆ ಅಂದೇ ವಿಚಾರಿಸಿದರೆ ಈ ಪ್ರಶ್ನೆ ಉದ್ಭವಿಸುವುದಿಲ್ಲ. ಹತ್ತು ನಿಮಿಷವೂ ಇಲ್ಲದವರು ಸಮ ಹಂಚಿಕೆಯಲ್ಲಿಯೇ ಉಳಿಯುವುದು ಒಳಿತು. ಪರಿಶೀಲನೆಯಿಲ್ಲದ ಅಳತೆಗಿಂತ ಅದು ಕಡಿಮೆ ಅನ್ಯಾಯದ್ದು.

ತೆರಿಗೆಯ ಒಂದು ಎಚ್ಚರಿಕೆ

ಸರ್ವರ್ ಬಾಡಿಗೆ ಒಂದು ಸಂಸ್ಥೆಯ ಹೆಸರಿನಲ್ಲಿದ್ದು ಅದು ಉಳಿದವರಿಂದ ವಸೂಲು ಮಾಡುವುದಾದರೆ, ಜಿಎಸ್‌ಟಿ ದೃಷ್ಟಿಯಲ್ಲಿ ಅದು ಸೇವೆಯ ಪೂರೈಕೆ. ಕೇವಲ ಮರುಪಾವತಿ ಎಂದು ಬರೆದ ಮಾತ್ರಕ್ಕೆ ತೆರಿಗೆ ತಪ್ಪುವುದಿಲ್ಲ. ನಿಯಮ 33ರ ಪ್ಯೂರ್ ಏಜೆಂಟ್ ವಿನಾಯಿತಿಗೆ, ತಾನು ಪಡೆದ ಸೇವೆಯನ್ನು ಸ್ವಂತಕ್ಕೆ ಬಳಸಿಕೊಳ್ಳಬಾರದೆಂಬ ಷರತ್ತೂ ಇದೆ. ಅದೇ ಸರ್ವರನ್ನು ತಾನೂ ಬಳಸುವ ಸಂಸ್ಥೆಗೆ ಅದು ದೊರೆಯುವುದು ಕಷ್ಟ.

ಗಡಿಯಾಚೆಯ ಹಿಂದೂಪುರದಲ್ಲಿ ಶಾಖೆಯುಳ್ಳ ಮಧುಗಿರಿ, ಪಾವಗಡದ ವರ್ತಕರ ಪರಿಸ್ಥಿತಿ ಬೇರೆ. ಪ್ಯಾನ್ ಒಂದೇ ಆದರೂ ಎರಡು ರಾಜ್ಯಗಳ ನೋಂದಣಿಗಳು ಕಾನೂನಿನಲ್ಲಿ ಬೇರೆ ಬೇರೆ ವ್ಯಕ್ತಿಗಳು. ಹೊರಗಿನವರಿಂದ ಪಡೆದ ಸಾಮಾನ್ಯ ಸೇವೆಯ ತೆರಿಗೆ ಜಮೆಯನ್ನು ಶಾಖೆಗೆ ಹಂಚಲು 2025ರ ಏಪ್ರಿಲ್ 1ರಿಂದ ಇನ್‌ಪುಟ್ ಸರ್ವಿಸ್ ಡಿಸ್ಟ್ರಿಬ್ಯೂಟರ್ ನೋಂದಣಿ ಕಡ್ಡಾಯವಾಗಿದೆ. ಆ ಹಂಚಿಕೆಗೆ ಆಧಾರ ಬಳಕೆಯಲ್ಲ, ವಹಿವಾಟು. ಹೀಗಾಗಿ ಸಂಸ್ಥೆಯ ಒಳಲೆಕ್ಕದಲ್ಲಿ ಹಿಂದೂಪುರ ಶಾಖೆಗೆ ಬಳಕೆಯಂತೆ ಶೇಕಡಾ 40 ಖರ್ಚು ಬರೆದಿದ್ದರೂ, ಅದರ ವಹಿವಾಟು ಒಟ್ಟಿನ ಶೇಕಡಾ 25 ಆಗಿದ್ದರೆ ತೆರಿಗೆ ಜಮೆ ಹೋಗುವುದು 25ರಷ್ಟೇ. ಎರಡು ಪಟ್ಟಿಗಳನ್ನೂ ಪ್ರತ್ಯೇಕವಾಗಿಟ್ಟು, ವ್ಯತ್ಯಾಸಕ್ಕೆ ಒಂದು ಸಾಲಿನ ವಿವರಣೆಯನ್ನು ಪ್ರತಿ ತಿಂಗಳೂ ಬರೆದಿಡತಕ್ಕದ್ದು.